ಸರಿಯಬೇಕಾದವರು ಯಾರು?

‘ಬೀದಿ’ ಎಂಬುದು ಸಂಸ್ಕೃತದ ‘ವೀಥಿ’ಯಿಂದ ಬಂದ ತದ್ಭವ. ‘ಕೇರಿ’, ‘ಓಣಿ’ ಎಂಬುವು ನಮ್ಮವೇ ಆದ ಅಚ್ಚ ಮಾತುಗಳು. ‘ರಸ್ತೆ’ ಪಾರಸಿಯ ಕಡೆಯಿಂದ ಬಂದು ಸೇರಿಕೊಂಡದ್ದು. ಈ ಮಾತುಗಳನ್ನು ನಾವು ಬಳಸುವ ರೀತಿಯನ್ನು ಸ್ವಲ್ಪ ಗಮನಿಸಿ ನೋಡಿ. “ನಮ್ಮ ಬೀದಿಯವರೆಲ್ಲ ಸೇರಿ ಗಣಪತಿ ಕೂರಿಸಿದರು” ಎನ್ನುತ್ತೇವೆ; “ಕೇರಿಗೆ ಕೇರಿಯೇ ನೆರೆದಿತ್ತು” ಎನ್ನುತ್ತೇವೆ. ಬೀದಿ ಎಂದರೆ ನೆಲವೂ ಹೌದು, ಆ ನೆಲದ ಎರಡು ಬದಿಯಲ್ಲಿ ಬದುಕುವ ಜನರೂ ಹೌದು. ರಸ್ತೆ ಎಂಬ ಮಾತಿಗೆ ಈ ಎರಡನೆಯ ಅರ್ಥ ಇನ್ನೂ ಅಂಟಿಕೊಂಡಿಲ್ಲ. ರಸ್ತೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತದೆ. ಬೀದಿ ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಇರುತ್ತದೆ. ಸಂಜೆ ರೇಡಿಯೋ ಮುಂದೆ ಕುಳಿತಿರುವಾಗ ಹೊರಗಡೆ ಬ್ರೇಕು ಕಿರುಚಿದ ಸದ್ದು ಕೇಳಿ ‘ಮಗು ಎಲ್ಲಿ?’ ಎಂದು ನೀವು ಎದ್ದು ಬಾಗಿಲಿಗೆ ಓಡಿದ್ದರೆ, ನಮ್ಮ ಬೀದಿಗಳು ರಸ್ತೆಗಳಾಗಿ ಮಾರ್ಪಟ್ಟಿರುವುದನ್ನು ನಾನು ಬೇರೆ ಹೇಳಬೇಕಾದ್ದಿಲ್ಲ. ಇದು ಹೇಗಾಯಿತು, ಇದನ್ನು ಎಲ್ಲಿಯಾದರೂ ಯಾರಾದರೂ ತಿದ್ದಿಕೊಂಡರೆ ಎಂಬುದಕ್ಕೆ ಒಂದು ಚರಿತ್ರೆ ಉಂಟು. ಅದನ್ನು ಇಲ್ಲಿ ಸ್ವಲ್ಪ ನೋಡೋಣ.

ಕನ್ನಡದಲ್ಲಿ ‘ಸರಿ’ ಎಂಬುದಕ್ಕೆ ಎರಡು ಅರ್ಥ. ‘ಪಕ್ಕಕ್ಕೆ ಹೋಗು’ ಎಂಬುದೊಂದು, ‘ಯೋಗ್ಯವಾದುದು’ ಎಂಬುದಿನ್ನೊಂದು. ವ್ಯಾಕರಣದಲ್ಲಿ ಇವು ಬೇರೆ ಬೇರೆ ಪದಗಳು. ಬೀದಿಯಲ್ಲಿ ಮಾತ್ರ ಇವೆರಡೂ ಬಹುಕಾಲದಿಂದ ಒಂದೇ ಆಗಿಬಿಟ್ಟಿವೆ. “ಸರಿ, ಸರಿ” ಎಂದು ಕೂಗಿದವನೇ ಸರಿ. ಸರಿಯದೆ ಇದ್ದವನದೇ ತಪ್ಪು. ಇದು ಮೋಟಾರಿನೊಡನೆ ಹುಟ್ಟಿದ ನ್ಯಾಯ ಎಂದು ತಿಳಿಯಬೇಡಿ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಬಂಡಿಯಿಂದ ಆಗುವ ಅಪಘಾತಗಳ ವಿಚಾರ ಬರುತ್ತದೆ. ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚು ಮುರಿದರೆ, ಚಕ್ರ ಮುರಿದರೆ ಸಾರಥಿಗೆ ದಂಡವಿಲ್ಲ. ಹೀಗೆ ಹತ್ತು ವಿನಾಯಿತಿಗಳನ್ನು ಹೇಳುವಾಗ ಕೊನೆಯದಾಗಿ, ಸಾರಥಿ ದಾರಿಬಿಡಿರೆಂದು ಗಟ್ಟಿಯಾಗಿ ಕೂಗಿದ್ದರೂ ದಂಡವಿಲ್ಲವೆಂದು ಸೇರಿಸಿದೆ. “ಹಾರನ್ ಮಾಡಿದೆ ಸಾರ್, ಅವರೇ ಸರಿಯಲಿಲ್ಲ” ಎಂದು ಇಂದಿನ ಚಾಲಕನು ಪೊಲೀಸ್ ಠಾಣೆಯಲ್ಲಿ ಹೇಳುವ ಮಾತಿಗೆ ಎಷ್ಟು ಹಳೆಯ ಆಧಾರವಿದೆ ನೋಡಿ!

ಕೌಟಿಲ್ಯನು ಈ ವಿಷಯದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾನೆ. ಅವನ ಅರ್ಥಶಾಸ್ತ್ರವನ್ನು ೧೯೦೯ರಲ್ಲಿ ಮೊದಲು ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಎಂಬುದು ನಮಗೆಲ್ಲ ಹೆಮ್ಮೆಯ ಸಂಗತಿ. ಆ ಗ್ರಂಥದಲ್ಲಿ, ಬಂಡಿ ಹೊಡೆಯುವವನು ಇನ್ನೂ ಬಾಲಕನಾಗಿದ್ದರೆ ಒಳಗೆ ಕುಳಿತ ಯಜಮಾನನಿಗೆ ದಂಡ ಹಾಕಬೇಕೆಂದಿದೆ. ಹಿರಿಯರಿಲ್ಲದೆ ಹುಡುಗನೊಬ್ಬನೇ ಹೊಡೆದುಕೊಂಡು ಹೋಗುವ ಬಂಡಿಯನ್ನು ರಾಜನು ವಶಪಡಿಸಿಕೊಳ್ಳತಕ್ಕದ್ದೆಂದೂ ಇದೆ. ನಮ್ಮ ಮೋಟಾರು ವಾಹನ ಕಾಯಿದೆಗೆ ೨೦೧೯ರಲ್ಲಿ ತಿದ್ದುಪಡಿ ಬಂದು, ಅಪ್ರಾಪ್ತ ವಯಸ್ಕನು ವಾಹನ ನಡೆಸಿ ಅಪರಾಧ ಮಾಡಿದರೆ ಪೋಷಕರಿಗೋ ವಾಹನದ ಮಾಲೀಕರಿಗೋ ಮೂರು ವರ್ಷದ ವರೆಗೆ ಸಜೆ, ೨೫,೦೦೦ ರೂಪಾಯಿ ಜುಲ್ಮಾನೆ, ಒಂದು ವರ್ಷ ವಾಹನದ ನೋಂದಣಿ ರದ್ದು ಎಂದು ಗೊತ್ತುಪಡಿಸಿದರು. ಕೌಟಿಲ್ಯನು ಬದುಕಿದ್ದರೆ, ಇಷ್ಟು ತಡವೇಕೆ ಎಂದು ಕೇಳುತ್ತಿದ್ದನೋ ಏನೋ. ಹೈಸ್ಕೂಲಿನ ಗೇಟಿನ ಬಳಿ ಹತ್ತನೆಯ ತರಗತಿಯ ಹುಡುಗರು ಅಪ್ಪಂದಿರ ಮೋಟಾರು ಸೈಕಲ್ಲುಗಳನ್ನು ಮರೆಯಲ್ಲಿ ನಿಲ್ಲಿಸಿ ಬರುವುದನ್ನು ದಿನವೂ ನೋಡುವ ನಮ್ಮಂಥ ಮೇಷ್ಟರುಗಳಿಗೆ ಆ ಸೂತ್ರ ಬಾಯಿಪಾಠ ಮಾಡಿಸತಕ್ಕದ್ದೆಂದೇ ತೋರುತ್ತದೆ.

ರೋಮಿನವರ ಉಪಾಯ ಬೇರೆ. ಜೂಲಿಯಸ್ ಸೀಸರನ ಕಾಲದ ಕಟ್ಟಳೆಯಂತೆ ಹಗಲು ಹೊತ್ತಿನಲ್ಲಿ ಸರಕಿನ ಬಂಡಿಗಳು ರೋಮ್ ನಗರದೊಳಗೆ ಬರಕೂಡದು. ದೇವಾಲಯ ಕಟ್ಟುವ ಸಾಮಗ್ರಿ ಮೊದಲಾದ ಕೆಲವಕ್ಕೆ ಮಾತ್ರ ವಿನಾಯಿತಿ. ಹಗಲು ನಡೆಯುವವರಿಗೆ, ರಾತ್ರಿ ಗಾಲಿಗಳಿಗೆ ಎಂದು ಪಾಲು ಮಾಡಿಕೊಟ್ಟಂತಾಯಿತು. ಆ ಮೇಲೆ ಬಂದ ಜುವೆನಲ್ ಎಂಬ ಕವಿ, ರಾತ್ರಿಯೆಲ್ಲ ಬಂಡಿಗಳ ಗಲಾಟೆಯಲ್ಲಿ ನಿದ್ದೆಯಿಲ್ಲವೆಂದು ಗೊಣಗಿದ್ದಾನೆ. ಆದರೂ ಹಗಲಿನಲ್ಲಿ ಸರಿಯಬೇಕಾದುದು ಬಂಡಿಯೇ ಎಂಬ ತತ್ತ್ವ ಅಲ್ಲಿ ಸ್ಪಷ್ಟವಾಗಿದೆ.

ಇನ್ನು ಇಂಗ್ಲೆಂಡಿಗೆ ಬನ್ನಿ. ಹಬೆಯ ಬಂಡಿಗಳು ರಸ್ತೆಗಿಳಿದಾಗ, ೧೮೬೫ರಲ್ಲಿ ಅಲ್ಲಿನ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು. ಹಳ್ಳಿಗಾಡಿನಲ್ಲಿ ಗಂಟೆಗೆ ೪ ಮೈಲಿ, ಊರೊಳಗೆ ೨ ಮೈಲಿ; ಬಂಡಿಯ ಮುಂದೆ ೬೦ ಗಜ ದೂರದಲ್ಲಿ ಒಬ್ಬ ಆಳು ಕೆಂಪು ಬಾವುಟ ಹಿಡಿದು ನಡೆಯಬೇಕು. ಬಾವುಟದ ಕಡ್ಡಾಯ ೧೮೭೮ರಲ್ಲಿ ಸಡಿಲವಾದರೂ ಮುಂದೆ ನಡೆಯುವ ಆಳು ಉಳಿದುಕೊಂಡ. ಈ ಕಾಯಿದೆಯನ್ನು ಕುರಿತು ಮೋಟಾರಿನ ಚರಿತ್ರೆ ಬರೆದವರೆಲ್ಲ ನಕ್ಕಿದ್ದಾರೆ. ನಗುವುದಕ್ಕೆ ಮೊದಲು ಅದರ ಅರ್ಥವನ್ನು ನೋಡಬೇಕು. ಯಂತ್ರವು ಮನುಷ್ಯನ ನಡಿಗೆಗೆ ಹೊಂದಿಕೊಳ್ಳಬೇಕು ಎಂದಲ್ಲವೆ ಆ ಬಾವುಟ ಹೇಳುತ್ತಿದ್ದುದು? ಅತಿಯಾಯಿತು ಎನ್ನಬಹುದು, ಅವಿವೇಕ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

೧೮೯೬ ಈ ಕಥೆಯಲ್ಲಿ ದೊಡ್ಡ ವರ್ಷ. ಆ ವರ್ಷ ಜನವರಿ ೨೮ರಂದು ಕೆಂಟ್ ಸೀಮೆಯ ಪ್ಯಾಡಕ್ ವುಡ್ ಎಂಬ ಊರಿನಲ್ಲಿ ವಾಲ್ಟರ್ ಆರ್ನಾಲ್ಡ್ ಎಂಬಾತ ಗಂಟೆಗೆ ೮ ಮೈಲಿ ವೇಗದಲ್ಲಿ, ಎಂದರೆ ಊರೊಳಗಿನ ಮಿತಿಯ ನಾಲ್ಕರಷ್ಟು ವೇಗದಲ್ಲಿ, ಕಾರು ಓಡಿಸಿಕೊಂಡು ಹೋದ. ಅದನ್ನು ಕಂಡ ಪೊಲೀಸು ಪೇದೆ ಸೈಕಲ್ ಹತ್ತಿ ಸುಮಾರು ಐದು ಮೈಲಿ ತುಳಿದು ಅವನನ್ನು ಹಿಡಿದ! ಅತಿವೇಗಕ್ಕಾಗಿ ಬಿದ್ದ ದಂಡ ಒಂದು ಷಿಲಿಂಗು. ಆಗಸ್ಟಿನಲ್ಲಿ ಪಾರ್ಲಿಮೆಂಟು ಹಳೆಯ ಕಾಯಿದೆಯನ್ನು ಬದಲಾಯಿಸಿ ವೇಗದ ಮಿತಿಯನ್ನು ೧೪ ಮೈಲಿಗೆ ಏರಿಸಲು ಒಪ್ಪಿತು. ಅದೇ ತಿಂಗಳ ೧೭ನೆಯ ತಾರೀಖು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಹೆಂಗಸು ಪ್ರದರ್ಶನದ ಕಾರೊಂದಕ್ಕೆ ಸಿಕ್ಕಿ ತೀರಿಕೊಂಡಳು. ಬ್ರಿಟನ್ನಿನಲ್ಲಿ ಮೋಟಾರು ಕಾರಿಗೆ ಬಲಿಯಾದ ಮೊದಲ ಪಾದಚಾರಿ ಆಕೆ. ಆಕಸ್ಮಿಕ ಮರಣವೆಂದು ತೀರ್ಮಾನವಾಯಿತು. ‘ಆಕಸ್ಮಿಕ’ ಎಂಬ ಈ ಶಬ್ದ ಅಂದಿನಿಂದ ಎಷ್ಟು ಲಕ್ಷ ಕಡತಗಳಲ್ಲಿ ಬರೆಯಲ್ಪಟ್ಟಿತೋ!

ಮಿತಿ ೧೯೦೩ರ ಕಾಯಿದೆಯಿಂದ ೨೦ ಮೈಲಿಗೆ ಏರಿತು. ಪೊಲೀಸರು ರಸ್ತೆಯಲ್ಲಿ ಒಂದು ಅಳತೆ ಗುರುತು ಮಾಡಿಕೊಂಡು ಬೇಲಿಯ ಮರೆಯಲ್ಲಿ ಗಡಿಯಾರ ಹಿಡಿದು ಕೂರತೊಡಗಿದರು. ಇದರಿಂದ ಸಿಟ್ಟಾದ ಮೋಟಾರು ಮಾಲೀಕರು ೧೯೦೫ರಲ್ಲಿ ಒಂದು ಸಂಘ ಕಟ್ಟಿದರು. ಸಂಘದ ಆಳುಗಳು ಸೈಕಲ್ಲಿನಲ್ಲಿ ಓಡಾಡುತ್ತ, ಪೊಲೀಸರು ಎಲ್ಲಿ ಅಡಗಿದ್ದಾರೆಂದು ಸದಸ್ಯರಿಗೆ ಮುನ್ಸೂಚನೆ ಕೊಡುವರು. ಹಾಗೆ ಸೂಚನೆ ಕೊಡುವುದು ಪೊಲೀಸರ ಕೆಲಸಕ್ಕೆ ಅಡ್ಡಿ ಎಂದು ೧೯೧೦ರಲ್ಲಿ ನ್ಯಾಯಾಲಯ ಹೇಳಿತು. ಸಂಘದವರ ಜಾಣತನ ನೋಡಿ: ಅಂದಿನಿಂದ ಆಳು ಸದಸ್ಯನ ಕಾರಿಗೆ ಸಲಾಮು ಹೊಡೆದರೆ ಎಲ್ಲ ಕ್ಷೇಮ, ಸಲಾಮು ಹೊಡೆಯದಿದ್ದರೆ ಮುಂದೆ ಪೊಲೀಸರಿದ್ದಾರೆ ಎಂದು ಅರ್ಥ! ಸಲಾಮು ಹೊಡೆಯದಿರುವುದು ಯಾವ ಕಾನೂನಿನಲ್ಲಿ ಅಪರಾಧ? ಕಾರು ಇದ್ದವರೇ ಪಾರ್ಲಿಮೆಂಟಿನಲ್ಲೂ ಕುಳಿತಿದ್ದ ಕಾಲ ಅದು. ಎಲ್ಲರೂ ಮುರಿಯುವ ಕಟ್ಟಳೆಯಿಂದ ಕಾನೂನಿಗೇ ಅಗೌರವ ಎಂಬ ವಾದ ಹೂಡಿ ೧೯೩೦ರಲ್ಲಿ ಕಾರುಗಳ ವೇಗದ ಮಿತಿಯನ್ನೇ ತೆಗೆದುಹಾಕಿದರು. ೧೯೩೪ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ೭,೩೪೩ ಜನ ಸತ್ತರು. ಆಗ ಸಾರಿಗೆ ಮಂತ್ರಿಯಾಗಿದ್ದ ಲೆಸ್ಲಿ ಹೋರ್-ಬೆಲಿಷಾ ಮನೆಗಳಿರುವ ಕಡೆ ಗಂಟೆಗೆ ೩೦ ಮೈಲಿಯ ಮಿತಿಯನ್ನು ಜಾರಿಗೆ ತಂದ. ಅದು ೧೯೩೫ರ ಮಾರ್ಚ್ ತಿಂಗಳು.

ಅಮೆರಿಕದವರ ದಾರಿ ಇನ್ನೊಂದು ತೆರನಾದದ್ದು. ಓಹಾಯೋ ಸಂಸ್ಥಾನದ ಸಿನ್ಸಿನಾಟಿ ನಗರದಲ್ಲಿ ೧೯೨೩ರಲ್ಲಿ ೪೨,೦೦೦ಕ್ಕೂ ಹೆಚ್ಚು ಜನ ಒಂದು ಮನವಿಗೆ ಸಹಿ ಮಾಡಿದರು. ಗಂಟೆಗೆ ೨೫ ಮೈಲಿಗಿಂತ ಹೆಚ್ಚು ಓಡದಂತೆ ಪ್ರತಿಯೊಂದು ಕಾರಿನೊಳಗೂ ಒಂದು ತಡೆಯಂತ್ರ ಜೋಡಿಸಬೇಕೆಂಬುದು ಅದರ ಬೇಡಿಕೆ. ಕಾರು ಮಾರುವವರು ಎಚ್ಚರಗೊಂಡು ಭಾರಿ ಪ್ರಚಾರ ಮಾಡಿದರು. ಮತದಾನದಲ್ಲಿ ಬೇಡಿಕೆ ಬಿದ್ದುಹೋಯಿತು. ಅದೇ ಹೊತ್ತಿಗೆ ಅಲ್ಲಿ ‘ಜೇವಾಕರ್’ ಎಂಬ ಬೈಗುಳ ಬಳಕೆಗೆ ಬಂತು. ‘ಜೇ’ ಎಂದರೆ ಹಳ್ಳಿಗಮಾರ. ಕಂಡ ಕಂಡಲ್ಲಿ ಬೀದಿ ದಾಟುವವನು ಪಟ್ಟಣದಲ್ಲಿ ನಡೆಯುವ ರೀತಿಯನ್ನೇ ಅರಿಯದ ಗಮಾರ ಎಂದಾಯಿತು. ಮೋಟಾರು ವ್ಯಾಪಾರದ ಕಡೆಯವರು ಈ ಮಾತನ್ನು ಶ್ರದ್ಧೆಯಿಂದ ಹರಡಿದರು. ಲಾಸ್ ಏಂಜಲೀಸ್ ನಗರ ೧೯೨೫ರಲ್ಲಿ ಪಾದಚಾರಿಗಳನ್ನೇ ಹತೋಟಿಯಲ್ಲಿಡುವ ಕಟ್ಟಳೆ ಮಾಡಿತು. ಒಂದು ಕಾಯಿದೆಯಿಂದ ಆಗದ್ದು ಒಂದು ಬೈಗುಳದಿಂದ ಆಯಿತು! ಅಲ್ಲಿಯವರೆಗೆ ಬೀದಿಯಲ್ಲಿ ಆಡುವ ಮಗುವಿಗೆ ಕಾರು ತಗುಲಿದರೆ ‘ಕಾರು ಅಲ್ಲೇಕೆ ಅಷ್ಟು ಜೋರಾಗಿ ಬಂತು?’ ಎಂದು ಕೇಳುತ್ತಿದ್ದವರು, ಆಮೇಲೆ ‘ಮಗು ಅಲ್ಲೇಕೆ ಹೋಯಿತು?’ ಎಂದು ಕೇಳತೊಡಗಿದರು. ನಮ್ಮಲ್ಲಿಯೂ ಈಗ ಕೇಳುವುದು ಈ ಎರಡನೆಯ ಪ್ರಶ್ನೆಯನ್ನೇ ಅಲ್ಲವೆ?

ಈ ಪ್ರಶ್ನೆಯನ್ನು ಮತ್ತೆ ಹಿಂದಕ್ಕೆ ತಿರುಗಿಸಿದವರು ಹಾಲೆಂಡಿನ ಜನ. ಇಂದು ಅದು ಸೈಕಲ್ಲುಗಳ ನಾಡೆಂದು ಹೆಸರಾಗಿದೆ. ಎರಡನೆಯ ಮಹಾಯುದ್ಧವಾದ ಮೇಲೆ ಅಲ್ಲಿಯೂ ಕಾರುಗಳು ಪ್ರವಾಹದಂತೆ ಬಂದವು. ಬೀದಿಗಳನ್ನು ಅಗಲ ಮಾಡಿದರು, ಹಳೆಯ ಕೇರಿಗಳನ್ನು ಒಡೆದರು, ಕಾಲುವೆಗಳನ್ನು ಮುಚ್ಚಿದರು. ೧೯೭೧ರಲ್ಲಿ ಆ ಚಿಕ್ಕ ನಾಡಿನ ರಸ್ತೆಗಳಲ್ಲಿ ೩,೦೦೦ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ೪೦೦ಕ್ಕೂ ಹೆಚ್ಚು ಮಂದಿ ಮಕ್ಕಳು. ನಾಡಿನ ಜನಸಂಖ್ಯೆ ಆಗ ಒಂದು ಕೋಟಿ ಮೂವತ್ತು ಲಕ್ಷದಷ್ಟು.

ಆ ಮಕ್ಕಳಲ್ಲಿ ಒಬ್ಬಳು ವಿಕ್ ಲಾಂಗೆನ್‌ಹೋಫ್ ಎಂಬ ಪತ್ರಕರ್ತನ ಮಗಳು. ಮಗಳನ್ನು ಕಳೆದುಕೊಂಡ ಮರುವರ್ಷ, ೧೯೭೨ರಲ್ಲಿ, ಆತ ತನ್ನ ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಅದರ ತಲೆಬರಹ ‘ಮಕ್ಕಳ ಕೊಲೆಯನ್ನು ನಿಲ್ಲಿಸಿ’ ಎಂದು. ಗಮನಿಸಿ, ‘ಅಪಘಾತ’ ಎನ್ನಲಿಲ್ಲ, ‘ಆಕಸ್ಮಿಕ’ ಎನ್ನಲಿಲ್ಲ, ಕೊಲೆ ಎಂದ. ಕಠಿಣವಾದ ಮಾತು. ಕಾರು ನಡೆಸುವವರಲ್ಲಿ ಯಾರೂ ಕೊಲ್ಲಬೇಕೆಂದು ಮನೆಯಿಂದ ಹೊರಡುವುದಿಲ್ಲ, ನಿಜ. ಆದರೆ ವರ್ಷಕ್ಕೆ ನಾನೂರು ಎಂದು ಮೊದಲೇ ಲೆಕ್ಕ ಹೇಳಬಹುದಾದ ಸಾವನ್ನು ಆಕಸ್ಮಿಕವೆನ್ನುವುದು ಭಾಷೆಗೆ ಮಾಡುವ ಅಪಚಾರ. ಭಾಷೆ ಕಲಿಸುವವನಾದ ನನಗೆ ಆ ತಂದೆಯ ಶಬ್ದವೇ ಹೆಚ್ಚು ಶುದ್ಧವೆಂದು ಕಾಣುತ್ತದೆ.

ಆ ತಲೆಬರಹವೇ ಒಂದು ಸಂಘದ ಹೆಸರಾಯಿತು. ಅದರ ಮೊದಲ ಅಧ್ಯಕ್ಷೆ ಮಾರ್ತ್ಯ ವಾನ್ ಪುಟ್ಟೆನ್ ಎಂಬ ತರುಣಿ. ಈ ಸಂಘದವರು ಸೈಕಲ್ ಮೆರವಣಿಗೆ ಮಾಡಿದರು. ಅಪಘಾತಗಳಾದ ಜಾಗಗಳಲ್ಲಿ ಹೋಗಿ ಕುಳಿತರು. ಪ್ರಧಾನಮಂತ್ರಿ ಯೋಪ್ ಡೆನ್ ಓಯ್ಲ್ ಮನೆಯ ಮುಂದೆ ಮಕ್ಕಳೊಡನೆ ನಿಂತು ಹಾಡು ಹಾಡಿದರು. ಅವರು ಹೊರಗೆ ಬಂದು ಕೇಳಿದರಂತೆ. ಆಮ್ಸ್ಟರ್‌ಡ್ಯಾಮ್ ನಗರದ ದೆ ಪೈಪ್ ಎಂಬ ಇಕ್ಕಟ್ಟಾದ ಬಡಾವಣೆಯಲ್ಲಿ ಶಾಲೆಯ ಮಕ್ಕಳೇ ಮನೆಮನೆಗೆ ಹೋಗಿ ಸಹಿ ಕೂಡಿಸಿದರು, ತಮ್ಮ ಬೀದಿಗೆ ಅಡ್ಡಗಟ್ಟೆ ಇಟ್ಟು ಆಟಕ್ಕೆ ನಿಂತರು. ಕೆಲವು ಚಾಲಕರು ಇಳಿದು ಬಂದು ಅಡ್ಡಗಟ್ಟೆಯನ್ನು ಕಿತ್ತೆಸೆದರು. ದೊಡ್ಡವರು ದೊಡ್ಡವರಲ್ಲಿ ಕೈ ಕೈ ಹತ್ತಿತು. ಟೆಲಿವಿಷನ್ನಿನವರು ಅದನ್ನು ಚಿತ್ರೀಕರಿಸಿ ಇಡೀ ನಾಡಿಗೆ ತೋರಿಸಿದರು. ಮರುವರ್ಷ ಅರಬ್ಬೀ ನಾಡುಗಳಿಂದ ಎಣ್ಣೆ ಬರುವುದು ನಿಂತಾಗ, ೧೯೭೩ರ ನವೆಂಬರಿನಿಂದ ಕೆಲವು ಭಾನುವಾರ ಕಾರುಗಳನ್ನು ಹೊರಗೆ ತೆಗೆಯಬಾರದೆಂದು ಸರಕಾರವೇ ಕಟ್ಟು ಮಾಡಿತು. ದೊಡ್ಡ ಹೆದ್ದಾರಿಗಳಲ್ಲಿ ಜನ ಸೈಕಲ್ ತುಳಿದರು, ಮಕ್ಕಳು ಚಕ್ರದ ಮೆಟ್ಟು ಕಟ್ಟಿಕೊಂಡು ಜಾರಿದರು. ಕಾರಿಲ್ಲದ ಬೀದಿ ಹೇಗಿರುತ್ತದೆಂದು ಮರೆತವರಿಗೆಲ್ಲ ನೆನಪಾಯಿತು.

ಇಷ್ಟರಲ್ಲಿ ಡೆಲ್ಫ್ಟ್ ಎಂಬ ಹಳೆಯ ಪಟ್ಟಣದಲ್ಲಿ ಸದ್ದಿಲ್ಲದೆ ಬೇರೊಂದು ಕೆಲಸ ನಡೆದಿತ್ತು. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಮುಖ್ಯ ಅಧ್ಯಾಯ ಇದೇ. ನೀಕ್ ದೆ ಬೂರ್ ಎಂಬ ನಗರಯೋಜನೆಯ ಪ್ರಾಧ್ಯಾಪಕರು ೧೯೬೦ರ ದಶಕದಲ್ಲಿ ‘ವೋನ್‌ಎರ್ಫ್’ ಎಂಬ ಮಾತನ್ನು ಟಂಕಿಸಿದ್ದರು. ‘ವೋನ್’ ಎಂದರೆ ವಾಸ. ‘ಎರ್ಫ್’ ಎಂದರೆ ರೈತನ ಮನೆಯ ಸುತ್ತಲಿನ ಅಂಗಳ. ‘ವಾಸದ ಅಂಗಳ’ ಎನ್ನೋಣ. ಡೆಲ್ಫ್ಟ್ ನಗರಸಭೆಯ ಯೋಸ್ಟ್ ವಾಲ್ ಎಂಬ ಎಂಜಿನಿಯರೂ ಅವರ ಜೊತೆಗಾರರೂ ಆ ಮಾತಿಗೆ ನೆಲದ ಮೇಲೆ ರೂಪ ಕೊಟ್ಟರು.

ಅಂಗಳ ಎಂದೊಡನೆ ನಮಗೆ ವಿವರಣೆ ಬೇಕಾಗುವುದಿಲ್ಲ. ಹಳ್ಳಿಯಲ್ಲಿ ಒಬ್ಬರ ಮನೆಯಂಗಳಕ್ಕೆ ಗಾಡಿ ಹೊಡೆದುಕೊಂಡು ಬರುವವನು ಹೇಗೆ ಬರುತ್ತಾನೆ? ಹಗ್ಗ ಬಿಗಿಹಿಡಿದು, ‘ಹೋ ಹೋ’ ಎಂದು ಎತ್ತುಗಳನ್ನು ತಡೆದು, ಒಣಹಾಕಿದ ರಾಗಿ ಉಂಟೋ, ಕೋಳಿಮರಿ ಉಂಟೋ, ಅಂಬೆಗಾಲಿಡುವ ಕೂಸು ಉಂಟೋ ಎಂದು ನೋಡಿಕೊಂಡು ಬರುತ್ತಾನೆ. ಅಲ್ಲಿ ಯಾರೂ ಫಲಕ ನೆಟ್ಟಿರುವುದಿಲ್ಲ, ಪೊಲೀಸರು ನಿಂತಿರುವುದಿಲ್ಲ. ಇದು ಇನ್ನೊಬ್ಬರ ಮನೆ ಎಂದು ಆ ನೆಲವೇ ಅವನಿಗೆ ಹೇಳುತ್ತದೆ. ಡೆಲ್ಫ್ಟ್‌ನವರು ಬೀದಿಯ ನೆಲದಿಂದಲೂ ಅದೇ ಮಾತನ್ನು ಹೇಳಿಸಿದರು. ಕಾಲುದಾರಿಯ ಅಂಚಿನ ಕಲ್ಲನ್ನು ತೆಗೆದು ಗೋಡೆಯಿಂದ ಗೋಡೆಗೆ ಒಂದೇ ಮಟ್ಟ ಮಾಡಿದರು. ಟಾರಿನ ಬದಲು ಇಟ್ಟಿಗೆ ಹಾಸಿದರು. ನೇರವಾಗಿದ್ದ ದಾರಿಯನ್ನು ಹಾವಿನ ಹಾಗೆ ಅತ್ತಿತ್ತ ತಿರುಗಿಸಿದರು. ತಿರುವುಗಳಲ್ಲಿ ಮರ, ಹೂವಿನ ಕಟ್ಟೆ, ಕೂರುವ ಬೆಂಚು. ಬೀದಿಯ ಬಾಯಲ್ಲಿ ಹೊಸ್ತಿಲಿನಂತೆ ಒಂದು ಏರು. ಒಳಗೆ ಬಂದ ಚಾಲಕನಿಗೆ ಬೀದಿಯ ಇನ್ನೊಂದು ಕೊನೆ ಕಾಣುವುದೇ ಇಲ್ಲ. ಕಾಣದ ಕಡೆಗೆ ಯಾವನು ತಾನೇ ಜೋರಾಗಿ ಓಡಿಸಿಯಾನು?

ಡಚ್ ಸರಕಾರ ೧೯೭೬ರಲ್ಲಿ ಇದನ್ನು ಸಂಚಾರದ ಕಾನೂನಿಗೆ ಸೇರಿಸಿತು. ಆ ಅಂಗಳಗಳಲ್ಲಿ ನಡೆಯುವವರು ಬೀದಿಯ ಪೂರ್ತಿ ಅಗಲವನ್ನೂ ಬಳಸಬಹುದು, ಮಕ್ಕಳು ಆಡಬಹುದು, ವಾಹನ ನಡಿಗೆಯ ವೇಗದಲ್ಲಿ ಹೋಗಬೇಕು, ಗುರುತು ಹಾಕಿದ ಕಡೆಯಲ್ಲದೆ ನಿಲ್ಲಿಸಕೂಡದು. ಅಲ್ಲಿಯ ನೀಲಿ ಫಲಕದಲ್ಲಿ ಒಂದು ಮನೆ, ಒಬ್ಬ ದೊಡ್ಡವನು, ಚೆಂಡಾಡುವ ಒಂದು ಮಗು, ಜೊತೆಗೆ ಒಂದು ಕಾರು. ಕಾರನ್ನು ಅವರು ಹೊರಗೆ ಹಾಕಲಿಲ್ಲ ಎಂಬುದನ್ನು ಗಮನಿಸಬೇಕು. ಅತಿಥಿಯಾಗಿ ಬಾ, ಅತಿಥಿಯ ಹಾಗೆ ನಡೆದುಕೋ ಎಂದರು.

ಖರ್ಚಿನ ಮಾತು ಮರೆಯುವಂತಿಲ್ಲ. ಇಡೀ ಬೀದಿಯನ್ನು ಕಿತ್ತು ಕಟ್ಟುವುದು ದುಬಾರಿಯ ಕೆಲಸ. ಆದ್ದರಿಂದಲೇ ಮುಂದೆ ಹಾಲೆಂಡಿನಲ್ಲಿಯೂ ನೆರೆಹೊರೆಯ ನಾಡುಗಳಲ್ಲಿಯೂ, ಬಡಾವಣೆಗೆ ಬಡಾವಣೆಯನ್ನೇ ಗಂಟೆಗೆ ೩೦ ಕಿಲೋಮೀಟರಿನ ವಲಯ ಮಾಡಿ, ಅಲ್ಲಲ್ಲಿ ಮಾತ್ರ ಉಬ್ಬು, ಇಕ್ಕಟ್ಟು, ತಿರುವುಗಳನ್ನು ಕಟ್ಟುವ ಅಗ್ಗದ ಕ್ರಮ ಬೆಳೆಯಿತು. ಜರ್ಮನಿಯ ಬುಕ್ಸ್ಟೆಹೂಡೆ ಪಟ್ಟಣ ೧೯೮೩ರಲ್ಲಿ ಇದನ್ನು ಪ್ರಯೋಗಿಸಿತು. ಆಸ್ಟ್ರಿಯದ ಗ್ರಾಜ್ ೧೯೯೨ರಲ್ಲಿ ಮುಖ್ಯ ರಸ್ತೆಗಳನ್ನು ಬಿಟ್ಟು ಇಡೀ ನಗರಕ್ಕೇ ೩೦ ಎಂದು ವಿಧಿಸಿತು. ೨೦೨೧ರಲ್ಲಿ ಸ್ಪೇನ್ ದೇಶ, ಎರಡೂ ಕಡೆಗೆ ಒಂದೊಂದೇ ಸಾಲು ಇರುವ ಊರೊಳಗಿನ ಬೀದಿಗಳಿಗೆಲ್ಲ ೩೦ ಎಂದಿತು. ಹಾಲೆಂಡಿನಲ್ಲಿ ೧೯೭೧ರಲ್ಲಿ ಮೂರು ಸಾವಿರ ಮೀರಿದ್ದ ರಸ್ತೆಯ ಸಾವು ಅರ್ಧ ಶತಮಾನದ ಮೇಲೆ, ವಾಹನಗಳು ಎಷ್ಟೋ ಪಾಲು ಹೆಚ್ಚಿದ್ದರೂ, ಏಳುನೂರರ ಆಸುಪಾಸಿಗೆ ಇಳಿದಿದೆ. ಇದಕ್ಕೆ ಸೀಟಿನ ಪಟ್ಟಿ, ಒಳ್ಳೆಯ ಬ್ರೇಕು, ಒಳ್ಳೆಯ ಆಸ್ಪತ್ರೆ ಇವೆಲ್ಲವೂ ಕಾರಣ. ಆದರೆ ಮನೆಯ ಮುಂದೆ ಆಡುತ್ತಿರುವ ಮಗುವಿಗೆ ಕಾರಿನೊಳಗಿನ ಸೀಟಿನ ಪಟ್ಟಿಯಿಂದ ಏನು ಪ್ರಯೋಜನ?

ಮೂವತ್ತು ಎಂಬ ಅಂಕಿಯೇ ಏಕೆ ಎಂದು ನೀವು ಕೇಳಬಹುದು. ಒಂದು ಸಣ್ಣ ಲೆಕ್ಕ ಹಾಕೋಣ. ಅಡ್ಡ ಬಂದದ್ದನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಚುರುಕಾದ ಚಾಲಕನಿಗೂ ಒಂದು ಸೆಕೆಂಡು ಬೇಕೆಂದು ಇಟ್ಟುಕೊಳ್ಳಿ. ಗಂಟೆಗೆ ೩೦ ಕಿಲೋಮೀಟರಿನಲ್ಲಿ ಬರುವ ಕಾರು ಆ ಒಂದು ಸೆಕೆಂಡಿನಲ್ಲಿ ೮ ಮೀಟರಿಗಿಂತ ಸ್ವಲ್ಪ ಹೆಚ್ಚು ಹೋಗುತ್ತದೆ. ಒಣಗಿದ ನೆಲದಲ್ಲಿ ಬ್ರೇಕು ಹಿಡಿದು ನಿಲ್ಲಲು ಇನ್ನು ಸುಮಾರು ೫ ಮೀಟರು. ಒಟ್ಟು ೧೩. ಅದೇ ಕಾರು ೫೦ರಲ್ಲಿ ಬರುತ್ತಿದ್ದರೆ ಆ ಮೊದಲ ಸೆಕೆಂಡಿನಲ್ಲೇ ಸುಮಾರು ೧೪ ಮೀಟರು ಹೋಗಿರುತ್ತದೆ. ಎಂದರೆ, ಒಬ್ಬನು ಪೂರ್ತಿ ನಿಂತುಬಿಟ್ಟ ಜಾಗವನ್ನು ಇನ್ನೊಬ್ಬನು ಬ್ರೇಕನ್ನೇ ಮುಟ್ಟದೆ ದಾಟುತ್ತಾನೆ. ಹದಿಮೂರು ಮೀಟರಿನಾಚೆ ಚೆಂಡಿನ ಹಿಂದೆ ಓಡಿಬಂದ ಮಗುವಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಇನ್ನು ಬೀದಿಯ ಉಬ್ಬು, ನಾವು ‘ಹಂಪ್’ ಎನ್ನುವ ವಸ್ತು. ಇದಕ್ಕೂ ಒಬ್ಬ ದೊಡ್ಡ ಮನುಷ್ಯನ ಹೆಸರು ಅಂಟಿಕೊಂಡಿದೆ. ಭೌತಶಾಸ್ತ್ರದಲ್ಲಿ ೧೯೨೭ರ ನೊಬೆಲ್ ಬಹುಮಾನ ಪಡೆದ ಆರ್ಥರ್ ಹಾಲಿ ಕಾಂಪ್ಟನ್ನರು ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಮುಖ್ಯಸ್ಥರಾಗಿದ್ದಾಗ, ಆವರಣದೊಳಗೆ ಕಾರುಗಳು ಜೋರಾಗಿ ಓಡುವುದನ್ನು ಕಂಡು ೧೯೫೩ರಲ್ಲಿ ತಾವೇ ಉಬ್ಬುಗಳ ನಕ್ಷೆ ಹಾಕಿದರು. ಮುಂದೆ ೧೯೭೩ರಲ್ಲಿ ಇಂಗ್ಲೆಂಡಿನ ರಸ್ತೆ ಸಂಶೋಧನಾಲಯದ ವಾಟ್ಸ್ ಎಂಬವರು ಹಲವು ಬಗೆಯ ಉಬ್ಬುಗಳ ಮೇಲೆ ವಾಹನಗಳನ್ನು ಓಡಿಸಿ ನೋಡಿ ಒಂದು ವಿಚಿತ್ರವನ್ನು ಕಂಡುಕೊಂಡರು. ಕಿರಿದಾದ ಕಡಿದಾದ ಉಬ್ಬಿನ ಮೇಲೆ ಮೆಲ್ಲಗೆ ಹೋಗುವವನಿಗೇ ಹೆಚ್ಚು ಕುಲುಕು. ಜೋರಾಗಿ ಹೋದರೆ ಗಾಲಿ ಮಾತ್ರ ನೆಗೆದು ಮೇಲಿನ ಗಾಡಿಗೆ ಅಷ್ಟಾಗಿ ತಟ್ಟುವುದಿಲ್ಲ. ೩.೭ ಮೀಟರು ಉದ್ದ, ೧೦ ಸೆಂಟಿಮೀಟರು ಎತ್ತರದ ದುಂಡನೆಯ ಉಬ್ಬಿನಲ್ಲಾದರೋ ವೇಗ ಹೆಚ್ಚಿದಂತೆ ಕುಲುಕೂ ಹೆಚ್ಚುತ್ತದೆ. ಭಾರತದ ರಸ್ತೆ ಕಾಂಗ್ರೆಸ್ ಎಂಬ ಎಂಜಿನಿಯರುಗಳ ಸಂಸ್ಥೆ ೧೯೮೮ರಲ್ಲಿ ಹೊರಡಿಸಿದ ಸೂಚನೆಗಳಲ್ಲಿಯೂ ಗಂಟೆಗೆ ೨೫ ಕಿಲೋಮೀಟರಿಗೆ ಇದೇ ಅಳತೆಯನ್ನು ಹೇಳಿದೆ. ಈಗ ನಿಮ್ಮ ಬೀದಿಯ ಹಂಪನ್ನು ಹೋಗಿ ನೋಡಿ. ಮಿಕ್ಕಿದ ಟಾರನ್ನು ರಾತ್ರೋರಾತ್ರಿ ಸುರಿದು ಗುದ್ದಲಿಯಲ್ಲಿ ತಟ್ಟಿದ ಒಂದು ಮೊಳದ ದಿಣ್ಣೆ, ಬಣ್ಣವಿಲ್ಲ, ಫಲಕವಿಲ್ಲ. ಬಸುರಿಯನ್ನು ಕರೆದೊಯ್ಯುವ ಆಟೋದವನಿಗೆ ಅದು ಶತ್ರು. ಮೋಟಾರು ಸೈಕಲ್ಲಿನ ಪುಂಡನಿಗೆ ಹಾರುವ ಆಟ. ಔಷಧದ ಹೆಸರು ಸರಿಯಾಗಿದೆ, ಪ್ರಮಾಣ ತಪ್ಪಿದೆ.

ನಮ್ಮ ಕಾನೂನಿನ ಸ್ಥಿತಿಯೂ ಸ್ವಲ್ಪ ಹಾಗೆಯೇ. ಸಾರ್ವಜನಿಕ ದಾರಿಯಲ್ಲಿ ದುಡುಕಿನಿಂದ ವಾಹನ ನಡೆಸುವುದು ೧೮೬೦ರ ಇಂಡಿಯನ್ ಪೀನಲ್ ಕೋಡಿನಲ್ಲೇ ಅಪರಾಧ. ಆಗ ಇದ್ದುದು ಸಾರೋಟು, ಕುದುರೆ. ಆರು ತಿಂಗಳ ವರೆಗೆ ಸಜೆ, ಅಥವಾ ೧,೦೦೦ ರೂಪಾಯಿಯ ವರೆಗೆ ದಂಡ, ಅಥವಾ ಎರಡೂ ಎಂದು ಅದರ ೨೭೯ನೆಯ ಕಲಮು. ಅಂದಿನ ಸಾವಿರ ರೂಪಾಯಿ ಒಬ್ಬ ಗೃಹಸ್ಥನ ಆಸ್ತಿ. ಆ ಸಂಹಿತೆ ಹೋಗಿ ೨೦೨೪ರ ಜುಲೈ ಒಂದರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಅದರ ೨೮೧ನೆಯ ಕಲಮಿನಲ್ಲಿಯೂ ಅ��ೇ ಸಾವಿರ ರೂಪಾಯಿ ಹಾಗೆಯೇ ಕುಳಿತಿದೆ. ಕೇಂದ್ರ ಸರಕಾರ ೨೦೧೮ರಲ್ಲಿ ವೇಗದ ಗರಿಷ್ಠ ಮಿತಿಗಳನ್ನು ಗೊತ್ತುಮಾಡಿದಾಗ ನಗರಸಭೆಗಳ ಎಲ್ಲೆಯೊಳಗಿನ ರಸ್ತೆಗಳಲ್ಲಿ ಕಾರಿಗೆ ಗಂಟೆಗೆ ೭೦, ಮೋಟಾರು ಸೈಕಲ್ಲಿಗೆ ೬೦ ಕಿಲೋಮೀಟರು ಎಂದಿತು. ರಂಗೋಲಿ ಹಾಕುವ ನಿಮ್ಮ ಬೀದಿಗೂ ಮಾರುಕಟ್ಟೆಯ ದೊಡ್ಡ ರಸ್ತೆಗೂ ಅದರಲ್ಲಿ ಭೇದವಿಲ್ಲ. ಭೇದ ಮಾಡುವ ಅಧಿಕಾರ ರಾಜ್ಯ ಸರಕಾರಕ್ಕೂ ಅದು ನೇಮಿಸಿದ ಅಧಿಕಾರಿಗಳಿಗೂ ಉಂಟು. ಮೋಟಾರು ವಾಹನ ಕಾಯಿದೆಯ ೧೧೨ನೆಯ ಕಲಮಿನಂತೆ, ಜನರ ಕ್ಷೇಮಕ್ಕೆ ಬೇಕೆಂದು ಕಂಡಲ್ಲಿ ಯಾವ ಪ್ರದೇಶಕ್ಕೇ ಆಗಲಿ ಇನ್ನೂ ಕಡಿಮೆ ಮಿತಿಯನ್ನು ಗೊತ್ತುಮಾಡಿ ಫಲಕ ಹಾಕಿಸಬಹುದು. ಭಾರತದಲ್ಲಿ ೨೦೨೨ರಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು ೧,೬೮,೪೯೧ ಮಂದಿ. ಅವರಲ್ಲಿ ಹೆಚ್ಚು ಕಡಿಮೆ ಐದಕ್ಕೆ ಒಬ್ಬರು ನಡೆದು ಹೋಗುತ್ತಿದ್ದವರು. ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವೆಂದು ಸರಕಾರದ ವರದಿಯೇ ಹೇಳುತ್ತದೆ.

ಆ ಅಧಿಕಾರಿಗಳ ಬಳಿಗೆ ಅರ್ಜಿ ಹಿಡಿದು ಹೋಗುವಾಗ ‘ಬಹಳ ಜೋರಾಗಿ ಹೋಗುತ್ತಾರೆ ಸ್ವಾಮಿ’ ಎಂದರೆ ಸಾಲದು, ‘ಎಷ್ಟು ಜೋರು?’ ಎಂದು ಕೇಳಿದರೆ ಉತ್ತರ ಬೇಕು. ಅದಕ್ಕೆ ನೂರು ವರ್ಷದ ಹಿಂದಿನ ಇಂಗ್ಲಿಷ್ ಪೊಲೀಸರ ಉಪಾಯವೇ ಸಾಕು. ಭಾನುವಾರ ಬೆಳಿಗ್ಗೆ ಟೇಪು ಹಿಡಿದು ನಿಮ್ಮ ಬೀದಿಯ ಅಂಚಿನಲ್ಲಿ ಐವತ್ತು ಮೀಟರು ಅಳೆದು, ಎರಡು ಕೊನೆಯಲ್ಲೂ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಮಕ್ಕಳನ್ನು ಜಗುಲಿಯ ಮೇಲೆ ಕೂರಿಸಿ, ಒಬ್ಬರ ಕೈಗೆ ಸೆಕೆಂಡಿನ ಮುಳ್ಳಿರುವ ಗಡಿಯಾರ, ಇನ್ನೊಬ್ಬರ ಕೈಗೆ ಪುಸ್ತಕ ಕೊಡಿ. ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಬರಲು ಆರು ಸೆಕೆಂಡು ಹಿಡಿದರೆ ಗಂಟೆಗೆ ೩೦ ಕಿಲೋಮೀಟರು. ನಾಲ್ಕೂವರೆ ಸೆಕೆಂಡಾದರೆ ೪೦. ಮೂರೇ ಸೆಕೆಂಡಿನಲ್ಲಿ ದಾಟಿತೆಂದರೆ ೬೦. ಶಾಲೆ ಬಿಡುವ ಹೊತ್ತು ಒಂದು ಗಂಟೆ, ಸಂಜೆ ದೀಪ ಹಚ್ಚುವ ಹೊತ್ತು ಒಂದು ಗಂಟೆ, ಹೀಗೆ ಒಂದು ವಾರ ಬರೆದಿಟ್ಟರೆ ಎರಡು ಹಾಳೆ ತುಂಬುತ್ತದೆ. ಆ ಹಾಳೆಗಳ ಕೆಳಗೆ ಬೀದಿಯವರೆಲ್ಲರ ಸಹಿ ಹಾಕಿಸಿ. ಮೋಟಾರು ಸೈಕಲ್ಲು ಇರುವ ಮನೆಯವರ ಸಹಿಯನ್ನು ಮೊದಲು ಕೇಳುವುದು ಒಳ್ಳೆಯದು.